ಪದ ಬೇಕು: ‘ಚಿಪ್ ಲೋಡ್’ಗೆ ಕನ್ನಡದಲ್ಲಿ ಏನನ್ನಬಹುದು?

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಸೋಮವಾರ ಬೋರ್ಡು ಬರೆಯುವವರು ಬರುತ್ತಾರೆ, ಅಷ್ಟರೊಳಗೆ ಒಂದು ಪದ ಬೇಕು. ನಮ್ಮ ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಮಿಲ್ಲಿಂಗ್ ಮಷಿನ್ (ತಿರುಗುವ ಕಟರಿನಿಂದ ಲೋಹ ಕತ್ತರಿಸುವ, ಕಂಪ್ಯೂಟರ್ ನಡೆಸುವ ಯಂತ್ರ) ಪಕ್ಕದ ಬೋರ್ಡು ಅದು. ಪ್ರೋಗ್ರಾಂ ಓಡಿಸುವ ಮೊದಲು ಕಟರಿನ ಒಂದೊಂದು ಹಲ್ಲಿಗೆ ಎಷ್ಟು ದಪ್ಪದ ಚೂರು ಬರುತ್ತದೆ ಅಂತ ಹುಡುಗರು ನೋಡಿಕೊಳ್ಳಬೇಕು. ಅದೇ ಚಿಪ್ ಲೋಡ್. ಆರ್‌ಪಿಎಂ ಅನ್ನು (ಕಟರ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು) ಹಲ್ಲುಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದರಿಂದ ಫೀಡನ್ನು (ನಿಮಿಷಕ್ಕೆ ಎಷ್ಟು ಮುಂದೆ ಸರಿಯುತ್ತದೆ ಅನ್ನುವುದು) ಭಾಗಿಸಿದರೆ ಲೆಕ್ಕ ಸಿಗುತ್ತದೆ. ನಾಲ್ಕು ಹಲ್ಲು, 3000 ಆರ್‌ಪಿಎಂ, ನಿಮಿಷಕ್ಕೆ 600 ಮಿ.ಮೀ. ಫೀಡ್ ಇದ್ದರೆ 0.05 ಮಿ.ಮೀ. ‘ಚೂರುಭಾರ’ ಅಂತ ಒಬ್ಬರು ಹೇಳಿದರು. ಸರಿ ಹೋಗುತ್ತದಾ?

ಚಿತ್ರದುರ್ಗದಿಂದ:
ಭಾರ ಬೇಡವೇ ಬೇಡ. ಮಿಲಿಮೀಟರಿನಲ್ಲಿ ಅಳೆಯುವುದಕ್ಕೆ ಭಾರ ಎಲ್ಲಿಂದ ಬಂತು? ‘ಹಲ್ಲಿನ ತುತ್ತು’ ಅನ್ನಿ. ಒಂದು ಸಲಕ್ಕೆ ಬಾಯಿಗೆ ಹೋಗುವಷ್ಟು ತುತ್ತು. ಇಲ್ಲಿ ಒಂದು ಸಲಕ್ಕೆ ಹಲ್ಲಿಗೆ ಸಿಗುವಷ್ಟು. ಹಲ್ಲು ಹಳಗನ್ನಡದ ‘ಪಲ್’, ‘ಪಾಲ್’ ಹಾಲಾದ ಹಾಗೆ ಪಲ್ ಹಲ್ಲಾಯಿತು. ಇಂಥ ಬೇರು ಇರುವಾಗ ಇಂಗ್ಲಿಷ್ ಯಾಕೆ? ಫೀಡನ್ನೂ ‘ಊಡಿಕೆ’ ಮಾಡಿಬಿಡಿ. ಗರಗಸ ಅನ್ನುವ ಅಚ್ಚಗನ್ನಡ ಪದ ಇಟ್ಟುಕೊಂಡವರು ನಾವು, ಕಟರ್ ಅಂತ ಯಾಕೆ ಅನ್ನಬೇಕು?

ಹರಿಹರದಿಂದ:
ಗರಗಸ ಅಚ್ಚಗನ್ನಡ ಅಲ್ಲ ಸಾರ್. ಸಂಸ್ಕೃತದ ‘ಕ್ರಕಚ’ದ ತದ್ಭವ. ಊಡಿಕೆಯೂ ಬೇಡ. ಮಷಿನ್ ಪರದೆಯ ಮೇಲೆ ‘ಎಫ್’ ಅಂತಿದೆ, ತಿರುಗಿಸುವ ಗುಂಡಿಯ ಮೇಲೆ ‘ಫೀಡ್’ ಅಂತಿದೆ. ಕಟರ್ ಕಿರುಗುಟ್ಟುವಾಗ ಹುಡುಗ ಊಡಿಕೆ ಎಲ್ಲಿದೆ ಅಂತ ಹುಡುಕಬೇಕಾ? ನಮ್ಮೂರಿಗೆ ಲೇತ್ ಮಾಡುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಬಂತು. ಲೇತ್ ಇವತ್ತಿಗೂ ಲೇತೇ, ಕನ್ನಡಕ್ಕೇನೂ ಆಗಿಲ್ಲ.

ತುತ್ತು ಮಾತ್ರ ಚೆನ್ನಾಗಿದೆ. ‘ದಪ್ಪ’ಕ್ಕಿಂತ ಸರಿಯಾಗಿಯೂ ಇದೆ. ಒಂದು ಹಲ್ಲು ಹೋಗಿ ಮುಂದಿನ ಹಲ್ಲು ಬರುವಷ್ಟರಲ್ಲಿ ಫೀಡ್ ಎಷ್ಟು ಸರಿಯುತ್ತದೆ ಅನ್ನುವುದೇ ಲೆಕ್ಕ. ಕಟರಿನ ವ್ಯಾಸದ ಅರ್ಧಕ್ಕಿಂತ ಕಡಿಮೆ ಅಗಲ ಕತ್ತರಿಸಿದರೆ ಚೂರು ಅದಕ್ಕಿಂತ ತೆಳುವಾಗಿ ಬರುತ್ತದೆ.

ಪದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬೋರ್ಡಿನಲ್ಲಿ ಕೆಳಗಿನ ಮಿತಿಯನ್ನೂ ಬರೆಸಿ. ತುತ್ತು ಜಾಸ್ತಿಯಾದರೆ ಹಲ್ಲು ಮುರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹೊಸ ಹುಡುಗರು ಹೆದರಿ ಫೀಡ್ ಇಳಿಸುತ್ತಲೇ ಹೋಗುತ್ತಾರೆ. ಆಗ ಹಲ್ಲು ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ. ಚೂರಿನ ಜೊತೆ ಹೋಗಬೇಕಾದ ಬಿಸಿ ಕಟರಿನಲ್ಲೇ ಉಳಿದು ಅಂಚು ಬೇಗ ಸವೆಯುತ್ತದೆ. ಕಟರ್ ಬದಲಿಸಿದಾಗಲೂ ಲೆಕ್ಕ ನೋಡಲಿ. ನಿಮ್ಮ ಉದಾಹರಣೆಯಲ್ಲೇ ಎರಡು ಹಲ್ಲಿನದು ಹಾಕಿದರೆ 0.05 ಇದ್ದದ್ದು 0.1 ಆಗುತ್ತದೆ.

ಚಿತ್ರದುರ್ಗದಿಂದ:
ತದ್ಭವ ಬೇರೆ, ಎರವಲು ಬೇರೆ. ಕ್ರಕಚ ನಮ್ಮ ಬಾಯಲ್ಲಿ ತಿರುಗಿ ಗರಗಸ ಆಯಿತು. ಫೀಡ್ ಹಾಗೆ ತಿರುಗಿಲ್ಲ. ಆ ‘ಫ’ ಕನ್ನಡದ ದನಿಯೇ ಅಲ್ಲ.

ಹರಿಹರದಿಂದ:
ನಮ್ಮ ಹುಡುಗರು ‘ಪೀಡು’ ಅಂತಲೇ ಅನ್ನುತ್ತಾರೆ. ತಿರುಗಿ ಆಯ್ತಲ್ವಾ?

ದಾವಣಗೆರೆಯಿಂದ:
ಇಬ್ಬರಿಗೂ ಧನ್ಯವಾದ. ‘ಹಲ್ಲಿನ ತುತ್ತು’ ದೊಡ್ಡಕ್ಷರದಲ್ಲಿ, ಕ್ಯಾಟಲಾಗ್ ನೋಡುವವರಿಗೆ ಕೆಳಗೆ ‘ಚಿಪ್ ಲೋಡ್’. ಫೀಡ್ ಫೀಡಾಗಿಯೇ ಇರಲಿ. ಎರಡೂ ಮಿತಿ ಬರೆಸುತ್ತೇನೆ.