ಹೊಸದು ಬೇಕು ಅಂತಾರೆ, ಆಡೋದು ಹಳೇದನ್ನೇ. ಹುಲಿ-ಕುರಿ ಗೇಮ್‌ನಲ್ಲಿ ಏನು ಉಳಿಸೋದು, ಏನು ಬಿಡೋದು?

ವಿದ್ಯಾನಗರ_ಪಿಕ್ಸೆಲ್ (ದಾವಣಗೆರೆ):
ಹುಲಿ-ಕುರಿ ಆಟವನ್ನ ಗೋಡಾಟ್‌ನಲ್ಲಿ (ಗೇಮ್ ಮಾಡೋ ಸಾಫ್ಟ್‌ವೇರ್) ಆಂಡ್ರಾಯ್ಡ್‌ಗೆ ಮಾಡ್ತಿದೀವಿ. ಒಂದೇ ಫೋನ್, ಇಬ್ಬರು ಆಡೋದು. ಮಣೆ ಹಳೇದೇ: 3 ಹುಲಿ, 15 ಕುರಿ, 23 ಮನೆ. ಆಚೆ ಮನೆ ಖಾಲಿ ಇದ್ರೆ ಹುಲಿ ಕುರಿಯನ್ನ ದಾಟಿ ಜಿಗಿದು ತಿನ್ನುತ್ತೆ. ಹೊಸದಾಗಿ ಸೇರಿಸಿರೋದು ಮೂರು. ಫೋನ್ ಓರೆ ಮಾಡಿ ಕಾಯಿ ನಡೆಸೋದು. ಮಂಜು, ಅಂದ್ರೆ ದೂರದ ಹುಲಿ ಕುರಿಯವನಿಗೆ ಕಾಣಲ್ಲ. ಹಸಿವು, ಅಂದ್ರೆ 5 ನಡೆಯೊಳಗೆ ಹುಲಿ ಏನೂ ತಿನ್ನದಿದ್ರೆ ಒಂದು ಸರದಿ ಕಳ್ಕೊಳ್ಳುತ್ತೆ. ಕೇಳಿದ್ರೆ ಎಲ್ಲರೂ "ಹೊಸದೇನಾದ್ರೂ ಮಾಡ್ರಿ" ಅಂತಾರೆ. ಕೈಗೆ ಕೊಟ್ರೆ ಎರಡನೇ ಆಟಕ್ಕೇ ಮುಚ್ಚಿ ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ತೆಗೀತಾರೆ. ಜನಕ್ಕೆ ಹೊಸತನ ನಿಜವಾಗ್ಲೂ ಬೇಕಾ?

ದುರ್ಗದ_ಕೋಡರ್:
ಬೇಕು. ಆದ್ರೆ ಬೆರಳಿಗಲ್ಲ, ತಲೆಗೆ. ಓರೆ ಮಾಡೋದನ್ನ ಇವತ್ತೇ ತೆಗೀರಿ. ದಾವಣಗೆರೆಯಿಂದ ದುರ್ಗಕ್ಕೆ ಬರೋ ಬಸ್ಸಲ್ಲಿ ಕೂತು ಆಡಿದ್ರೆ ಬಸ್ ಕುಲುಕಿದಾಗೆಲ್ಲ ಕಾಯಿ ಪಕ್ಕದ ಮನೆಗೆ ಹೋಗುತ್ತೆ.

ಬೆರಳಿಗೆ ಹೊಸದು ಕೊಟ್ರೆ ಏನಾಗುತ್ತೆ ನೋಡಿ. 2000ರಲ್ಲಿ ಪ್ಲೇಸ್ಟೇಷನ್‌ಗೆ 'ಏಲಿಯನ್ ರೆಸರಕ್ಷನ್' ಅನ್ನೋ ಶೂಟಿಂಗ್ ಗೇಮ್ ಬಂದಾಗ ಕಂಟ್ರೋಲರ್‌ನ ಎಡ ಸ್ಟಿಕ್‌ನಲ್ಲಿ ನಡೆಯೋದು, ಬಲ ಸ್ಟಿಕ್‌ನಲ್ಲಿ ನೋಡೋದು ಅನ್ನೋ ಏರ್ಪಾಡನ್ನ ವಿಮರ್ಶಕರು ಬೈದಿದ್ರು. ಮರುವರ್ಷ 'ಹೇಲೋ' ಅದೇ ಏರ್ಪಾಡು ತಂದು ಗೆದ್ದಿತು. ಅದರಲ್ಲಿ ಗುರಿ ಶತ್ರುವಿನ ಮೇಲೆ ಬಂದಾಗ ಸ್ಟಿಕ್‌ನ ವೇಗ ತಾನೇ ತಗ್ಗುತ್ತಿತ್ತು, ಕಲೀತಿರೋ ಹೆಬ್ಬೆರಳಿಗೆ ಅದು ಆಸರೆ. ಆ ಆಸರೆ ಕಟ್ಟೋಕೆ ನಿಮ್ಮಂಥ ಸಣ್ಣ ತಂಡಕ್ಕೆ ತಿಂಗಳುಗಟ್ಟಲೆ ಬೇಕು.

ಮಂಜೂ ಬೇಡ. ಒಂದೇ ಫೋನಲ್ಲಿ ಇಬ್ಬರು ಆಡುವಾಗ ಒಬ್ಬನಿಗೆ ಮಾತ್ರ ಮುಚ್ಚಿಡೋದು ಹೆಂಗೆ? ಪ್ರತಿ ನಡೆಗೂ ಫೋನ್ ಕೈ ಬದಲಾಗ್ಬೇಕು. ಅಲ್ದೆ ಎಲ್ಲ ಕಣ್ಣೆದುರೇ ಇರೋ ಆಟ ಇದು. ಕಾಣದ ಹುಲಿ ಬಂದು ಕುರಿ ತಿಂದ್ರೆ ನಾನು ತಪ್ಪು ಮಾಡ್ದೆ ಅಂತ ಯಾರಿಗೂ ಅನಿಸಲ್ಲ, ಆಟ ಮೋಸ ಮಾಡ್ತು ಅನಿಸುತ್ತೆ.

ಮಂಡಿಪೇಟೆ_ಪ್ಲೇಯರ್:
ಕೈಗೆ ಹೊಸದು ಬೇಡವೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ ಸರ್. 2006ರ ನಿಂಟೆಂಡೊ ವೀ 10 ಕೋಟಿಗೂ ಹೆಚ್ಚು ಮಾರಾಟವಾಯ್ತು, ಅದೂ ಕೈ ಬೀಸಿ ಆಡೋ ರಿಮೋಟ್‌ನಿಂದ. ಟೆನಿಸ್ ಬ್ಯಾಟ್ ಬೀಸೋದನ್ನ ಯಾರಿಗೂ ಕಲಿಸ್ಬೇಕಿರಲಿಲ್ಲ. ಹುಲಿ-ಕುರಿಯಲ್ಲಿ ಕೈಗೆ ಗೊತ್ತಿರೋದು ಕಲ್ಲು ಎತ್ತಿ ಇಡೋದು. ಹಾಗಾಗಿ ಎಳೆದು ಬಿಡೋದನ್ನೇ ಇಡಿ. ಪ್ರತಿ ಮನೆಯ ಸುತ್ತ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ), ಅಂದ್ರೆ ಸುಮಾರು 9 ಮಿ.ಮೀ. ಜಾಗ ಇರಲಿ. ಬೆರಳು ಸ್ವಲ್ಪ ಆಚೀಚೆ ಬಿಟ್ರೂ ಕಾಯಿ ಹತ್ತಿರದ ಮನೆಗೆ ತಾನೇ ಕೂರಲಿ. ಕಾಯಿ ಬೆರಳಿನಡಿ ಮುಚ್ಚಿಹೋಗದಂತೆ, ಎಳೆಯುವಾಗ ಅದನ್ನ ಒಂದು ಬೆರಳಗಲ ಮೇಲೆ ತೋರಿಸಿ.

ದುರ್ಗದ_ಕೋಡರ್:
ಒಪ್ಪಿದೆ, ಎಳೆದು ಬಿಡೋದೇ ಸರಿ.

ಇನ್ನು ಹಸಿವು. ಮೂರರಲ್ಲಿ ಉಳಿಸಲೇಬೇಕಾದ್ದು ಇದು, ಯಾಕಂದ್ರೆ ಹಳೇ ಆಟದ ನಿಜವಾದ ತೊಂದರೆಗೆ ಇದು ಮದ್ದು. 15 ಕುರಿ ಇಳಿದ ಮೇಲೆ ಕುರಿಯವನು ಒಂದೇ ಕುರಿಯನ್ನ ಹಿಂದೆ ಮುಂದೆ ಮಾಡ್ತಾ ಕಾಲ ತಳ್ಳಬಹುದು, ಆಟ ಜಡ್ಡುಗಟ್ಟುತ್ತೆ. ಪಬ್‌ಜಿಯ ಕುಗ್ಗೋ ವೃತ್ತ ಮಾಡೋದೂ ಇದನ್ನೇ, ದೊಡ್ಡ ಮ್ಯಾಪಲ್ಲಿ ಅಡಗಿ ಕೂತವರನ್ನ ಎಬ್ಬಿಸುತ್ತೆ. ಆ ಬಗೆಯ ಆಟ 'ಆರ್ಮಾ' ಅನ್ನೋ ಯುದ್ಧದ ಗೇಮ್‌ನ ಮಾಡ್‌ಗಳಲ್ಲಿ (ಆಟಗಾರರೇ ಮಾಡಿದ ಮಾರ್ಪಾಡುಗಳಲ್ಲಿ) ವರ್ಷಗಟ್ಟಲೆ ಪಳಗಿ, 2017ರಲ್ಲಿ ಪಬ್‌ಜಿಯಾಗಿ ಬಂತು. ಬಂದೂಕು, ಓಟ, ಜಿಗಿತ ಎಲ್ಲ ಆಟಗಾರರಿಗೆ ಗೊತ್ತಿದ್ದವೇ.

ಆದ್ರೆ ನಿಮ್ಮ ನಿಯಮ ತಿರುಗುಮುರುಗಾಗಿದೆ. ಕುರಿ ಇಳಿಸೋ ಹಂತದಲ್ಲೇ ಎಣಿಕೆ ಶುರುವಾದ್ರೆ, ಆಚೆ ಮನೆಯೇ ಇಲ್ಲದ ಮೂಲೆಗಳಲ್ಲಿ ಕುರಿ ಇಟ್ಕೊಂಡು ಹೋದ್ರೆ ಸಾಕು, ಹುಲಿ ಸರದಿ ಮೇಲೆ ಸರದಿ ಕಳ್ಕೊಳ್ಳುತ್ತೆ. ಹುಲಿಗಳನ್ನ ಕಟ್ಟಿಹಾಕೋದೇ ಕುರಿಯ ಗೆಲುವು, ಅದಕ್ಕೆ ನೀವೇ ನೆರವಾಗ್ತಿದೀರಿ. ಹಸಿದ ಹುಲಿಗೆ ಶಿಕ್ಷೆ ಬೇಡ, ಬಲ ಕೊಡಿ.

15ನೇ ಕುರಿ ಇಳಿದ ಮೇಲೆ ಎಣಿಕೆ ಶುರು ಮಾಡಿ. ಮೂರೂ ಹುಲಿಗೆ ಒಂದೇ ಎಣಿಕೆ ಸಾಕು, ಬೇರೆ ಬೇರೆ ಇದ್ರೆ ನೆನಪಲ್ಲಿ ಉಳಿಯಲ್ಲ. 5 ನಡೆ ಬರಿಗೈಯಲ್ಲಿ ಕಳೆದ್ರೆ, ಸಾಲಾಗಿ ನಿಂತ ಎರಡು ಕುರಿ ದಾಟಿ ಜಿಗಿದು ಹತ್ತಿರದ್ದನ್ನ ತಿನ್ನಬಹುದು. ತಿಂದ ಕೂಡ್ಲೇ ಎಣಿಕೆ ಸೊನ್ನೆ. ಜೋಡಿ ಕುರಿ ನಿಲ್ಲಿಸೋದು ಎಲ್ಲರಿಗೂ ಗೊತ್ತಿರೋ ಕಾವಲು. ಆ ಕಾವಲು ಮುರಿಯೋ ಹೊತ್ತು ಬರ್ತಿದ್ರೆ, ಯಾವ ಕುರಿ ಬಿಟ್ಟುಕೊಡೋದು ಅಂತ ಕುರಿಯವನು ಮೊದಲೇ ಲೆಕ್ಕ ಹಾಕ್ಬೇಕು. ಅಲ್ಲಿ ಹುಟ್ಟುತ್ತೆ ಹೊಸ ಆಟ. ನಾಲ್ಕನೇ ನಡೆಗೇ ಹುಲಿಯ ಕಣ್ಣು ಕೆಂಪಾಗಲಿ. ಗೆಲುವಿನ ಪರೀಕ್ಷೆಯ ಕೋಡ್‌ಗೂ ಈ ಜಿಗಿತ ಸೇರಿಸಿ, ಇಲ್ಲಾಂದ್ರೆ ಹುಲಿಗೆ ನಡೆ ಉಳಿದಿದ್ರೂ ಕುರಿ ಗೆದ್ದಿತು ಅಂತ ಆಟ ಮುಗಿದುಬಿಡುತ್ತೆ.

ವಿದ್ಯಾನಗರ_ಪಿಕ್ಸೆಲ್:
ಜಿಗಿತದ ಐಡಿಯಾ ಬಹಳ ಹಿಡಿಸ್ತು ಅಣ್ಣ. ಇದನ್ನ ಯಾರ ಹತ್ರ ಪರೀಕ್ಷೆ ಮಾಡಿಸೋದು?

ಬಿಲ್ಡ್_ನೋಡೋಣ:
ಸ್ನೇಹಿತರನ್ನ ಬಿಡಿ, ಅವರು ಚೆನ್ನಾಗಿದೆ ಅಂದೇ ಅಂತಾರೆ. ಹುಲಿ-ಕುರಿ ಗೊತ್ತಿರೋ ಹಿರಿಯರು ಬೆಳಗ್ಗೆ ಕುಂದವಾಡ ಕೆರೆ ಹತ್ರ ವಾಕಿಂಗ್‌ಗೆ ಬರೋರಲ್ಲಿ ಸಿಗ್ತಾರೆ. ಗೊತ್ತಿಲ್ಲದವರು ಹಾಸ್ಟೆಲ್‌ಗಳಲ್ಲಿದಾರೆ. ಎರಡೂ ಗುಂಪಿನ ಲೆಕ್ಕ ಬೇರೆ ಬೇರೆ ಇಡಿ. ಹಸಿವು ಇರೋದು, ಇಲ್ಲದ್ದು ಅಂತ ಎರಡು ಬಿಲ್ಡ್ (ಆಟದ ಆವೃತ್ತಿ) ಮಾಡಿ, ಅರ್ಧ ಜನಕ್ಕೆ ಮೊದಲು ಅದು, ಉಳಿದವರಿಗೆ ಮೊದಲು ಇದು. 4 ಜಿಬಿ ರ‍್ಯಾಮ್ ಫೋನೇ ಕೊಡಿ. ವಿವರಿಸೋಕೆ ಹೋಗ್ಬೇಡಿ, ಬಾಯಿ ಮುಚ್ಚಿ ಬೆರಳು ನೋಡಿ.

"ಹೆಂಗಿತ್ತು" ಅಂತಲೂ ಕೇಳ್ಬೇಡಿ. ಮೊದಲ ನಡೆಗೆ ಎಷ್ಟು ಸೆಕೆಂಡ್ ಹಿಡೀತು, ನಿಯಮಕ್ಕೆ ಹೊರತಾದ ನಡೆ ಎಷ್ಟು, ಆಟ ಮುಗಿದ ಮೇಲೆ "ಇನ್ನೊಂದು ಆಟ" ಒತ್ತಿದ್ರಾ, ಈ ಮೂರನ್ನ ಫೈಲಿಗೆ ಬರೆಸಿ. ತಪ್ಪು ನಡೆ ಹೆಚ್ಚಿದ್ದೂ ಮತ್ತೆ ಒತ್ತಿದ್ರೆ ನಿಯಮ ಸರಿಯಿದೆ, ತೋರಿಸೋ ರೀತಿ ತಿದ್ದಿ. ತಪ್ಪಿಲ್ಲದೆ ಆಡಿಯೂ ಒತ್ತದಿದ್ರೆ ನಿಯಮವೇ ಸಪ್ಪೆ, ಮೊದಲು 5ನ್ನ 4 ಮಾಡಿ ನೋಡಿ.