ಎಲ್ ಆಕಾರದ ಹಾಲ್‌ನಲ್ಲಿ 5.1 ಸ್ಪೀಕರ್‌ಗಳು: ಬಲಗಡೆ ಗೋಡೆಯೇ ಇಲ್ಲದಿದ್ದರೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಹಾಲ್ ಎಲ್ ಆಕಾರದ್ದು. ಉದ್ದ 18 ಅಡಿ, ಅಗಲ 11 ಅಡಿ. ಟಿವಿ ಇರುವುದು 11 ಅಡಿಯ ಗೋಡೆಯಲ್ಲಿ. ಎಡಗಡೆಯ ಗೋಡೆ ಪೂರ್ತಿ 18 ಅಡಿ ಇದೆ, ಟಿವಿಯ ಹತ್ತಿರ ಅದರಲ್ಲೊಂದು ದೊಡ್ಡ ಗಾಜಿನ ಕಿಟಕಿ. ಬಲಗಡೆಯ ಗೋಡೆ 8 ಅಡಿಗೇ ಮುಗಿದು, ಅಲ್ಲಿಂದಾಚೆ ಊಟದ ಮೇಜಿನ ಕಡೆಗೆ ತೆರೆದುಕೊಳ್ಳುತ್ತದೆ. ಸೋಫಾ ಟಿವಿ ಗೋಡೆಯಿಂದ 9 ಅಡಿ ದೂರದಲ್ಲಿದೆ. ನಮ್ಮದು 5.1 ಸೆಟ್, ಅಂದರೆ ಐದು ಸ್ಪೀಕರ್, ಜೊತೆಗೆ ಬಾಸ್‌ಗೆಂದೇ ಒಂದು ಸಬ್‌ವೂಫರ್. ಬಲಕ್ಕೆ ಗೋಡೆ ಇಲ್ಲವಲ್ಲ ಎಂದು, ಸುತ್ತಲಿನ ಶಬ್ದ ಕೊಡುವ ಸರೌಂಡ್ ಸ್ಪೀಕರ್ ಎರಡನ್ನೂ ಹಿಂದಿನ ಗೋಡೆಯ ಮೂಲೆಗಳಲ್ಲಿ ಹಾಕಿಸಿದ್ದೇನೆ. ಸಬ್‌ವೂಫರ್ ಟಿವಿಯ ಪಕ್ಕದಲ್ಲಿದೆ, ಮಾತು ಬರುವ ಸೆಂಟರ್ ಸ್ಪೀಕರ್ ಟಿವಿ ಸ್ಟ್ಯಾಂಡಿನ ಖಾನೆಯೊಳಗೆ. ಮಾತು ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಬಾಸ್ ಸೋಫಾದಲ್ಲಿ ಕೂತರೆ ಸಪ್ಪೆ, ಹಿಂದಿನ ಗೋಡೆಯ ಬಳಿ ನಿಂತರೆ ಎದೆಗೆ ಬಡಿಯುತ್ತದೆ. ಇನ್ನೂ ದೊಡ್ಡ ಸಬ್‌ವೂಫರ್ ತರಬೇಕೇ?

ಉತ್ತರ: ದಯವಿಟ್ಟು ತರಬೇಡಿ. ನಿಮ್ಮ ಸಬ್‌ವೂಫರ್‌ನಲ್ಲಿ ಯಾವ ದೋಷವೂ ಕಾಣುವುದಿಲ್ಲ. ಸೋಫಾ ಇರುವ ಜಾಗ ಸರಿಯಿಲ್ಲ.

18 ಅಡಿ ಉದ್ದದ ಕೋಣೆಯಲ್ಲಿ ಶಬ್ದ ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ನಡುವೆ ಹೋಗಿ ಬಂದು ಒಂದು ಸ್ಥಿರ ಅಲೆ ಕಟ್ಟುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,130 ಅಡಿ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 36ರಿಂದ ಭಾಗಿಸಿದರೆ ಸುಮಾರು 31 ಹರ್ಟ್ಸ್ ಬರುತ್ತದೆ. ಗುಡುಗು, ಸ್ಫೋಟಗಳ ಆಳವೆಲ್ಲ ಇರುವುದು ಅಲ್ಲಿಯೇ. ಈ ಅಲೆ ಎರಡು ಗೋಡೆಗಳ ಬಳಿ ಉಕ್ಕುತ್ತದೆ, ನಟ್ಟನಡುವೆ ಬತ್ತಿಹೋಗುತ್ತದೆ. ನಿಮ್ಮ ಕಿವಿ ಇರುವುದು 9 ಅಡಿಗೆ, ಸರಿಯಾಗಿ ಆ ಬತ್ತಿದ ಜಾಗದಲ್ಲಿ. ಅಲ್ಲಿಗೆ ಎಷ್ಟು ದೊಡ್ಡ ಸಬ್‌ವೂಫರ್ ತಂದು ವಾಲ್ಯೂಮ್ ಏರಿಸಿದರೂ ಗೋಡೆಯ ಬಳಿಯ ಅಬ್ಬರ ಹೆಚ್ಚುತ್ತದೆಯೇ ಹೊರತು ನಿಮ್ಮ ಹಳ್ಳ ತುಂಬುವುದಿಲ್ಲ. ಈಕ್ವಲೈಜರ್‌ನಿಂದಲೂ ತುಂಬುವುದಿಲ್ಲ. ಸೋಫಾವನ್ನು 2 ಅಡಿ ಹಿಂದಕ್ಕೆ ಸರಿಸಿ, ಕಿವಿ 11 ಅಡಿಯ ಆಸುಪಾಸಿಗೆ ಬರಲಿ. ಎಲ್ ಆಕಾರದಲ್ಲಿ ಈ ಲೆಕ್ಕ ಆಯತಾಕಾರದ ಕೋಣೆಯಷ್ಟು ಕರಾರುವಾಕ್ಕಾಗಿ ಕೂರುವುದಿಲ್ಲ. ಆದ್ದರಿಂದ ಅರ್ಧರ್ಧ ಅಡಿ ಸರಿಸುತ್ತ, ಒಂದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ಕೇಳಿ. ಕೂರುವ ಜಾಗ ಗಟ್ಟಿಯಾಗುವವರೆಗೆ ಗೋಡೆಗೆ ಇನ್ನೊಂದು ಮೊಳೆಯನ್ನೂ ಹೊಡೆಸಬೇಡಿ. ನಾನು ನೋಡಿದ ಬಹುಪಾಲು ಮನೆಗಳಲ್ಲಿ ಮೊದಲು ಸ್ಪೀಕರ್ ಹಾಕಿಸಿ, ಆಮೇಲೆ ಉಳಿದ ಜಾಗದಲ್ಲಿ ಕೂರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಈಗ ಮುಂದಿನ ಸ್ಪೀಕರ್‌ಗಳು. ಕೂತವರಿಂದ ಟಿವಿಗೆ ಎಳೆದ ನಡುವಿನ ಗೆರೆಯಿಂದ ಎಡಕ್ಕೂ ಬಲಕ್ಕೂ 22ರಿಂದ 30 ಡಿಗ್ರಿ ಕೋನ ಬೇಕು. 30 ಡಿಗ್ರಿ ನಿಮ್ಮ ಅಗಲಕ್ಕೆ ದಕ್ಕುವುದಿಲ್ಲ. ಮುಂದಿನ ಗೋಡೆಯಿಂದ 1 ಅಡಿ ಈಚೆಗೆ, ಒಂದಕ್ಕೊಂದು 8 ಅಡಿ ಅಂತರದಲ್ಲಿ ಇಟ್ಟರೆ 22 ಡಿಗ್ರಿ ಸಿಗುತ್ತದೆ, ಅದು ಸಾಕು. ಎರಡೂ ಸ್ಪೀಕರ್‌ಗಳಿಗೆ ಪಕ್ಕದ ಗೋಡೆಯಿಂದ ಒಂದೂವರೆ ಅಡಿ ಉಳಿಯುತ್ತದೆ.

ಬಲಗಡೆಯ ಗೋಡೆ 8 ಅಡಿಗೆ ನಿಂತುಹೋಯಿತು ಎಂಬ ಕೊರಗು ಇಲ್ಲಿ ಬೇಡ. ಒಬ್ಬರು ಸೋಫಾದಲ್ಲಿ ಕೂತಿರಲಿ, ಇನ್ನೊಬ್ಬರು ಗೋಡೆಗೆ ಕನ್ನಡಿ ಒತ್ತಿ ಹಿಡಿದು ನಿಧಾನವಾಗಿ ಸರಿಸುತ್ತ ಹೋಗಲಿ. ಕೂತವರಿಗೆ ಕನ್ನಡಿಯಲ್ಲಿ ಆ ಬದಿಯ ಸ್ಪೀಕರ್ ಕಂಡ ಜಾಗವೇ ಶಬ್ದದ ಮೊದಲ ಪ್ರತಿಫಲನದ ಜಾಗ. ನಿಮ್ಮ ಅಳತೆಗೆ ಅದು ಟಿವಿ ಗೋಡೆಯಿಂದ ಸುಮಾರು 3 ಅಡಿಗೆ ಬೀಳುತ್ತದೆ. ಅಲ್ಲಿ ಎರಡೂ ಕಡೆ ಗೋಡೆ ಇದೆ. ಮುಂದಿನ ಸ್ಪೀಕರ್‌ಗಳ ಮಟ್ಟಿಗೆ ನಿಮ್ಮದು ಸಮತೂಕದ ಕೋಣೆಯೇ. ಬೇರೆಯಾಗಿರುವುದು ಗಾಜು ಮಾತ್ರ. ಕಿಟಕಿಗೆ ನೆರಿಗೆ ತುಂಬಿದ ದಪ್ಪ ಪರದೆ ಹಾಕಿ, ಬಲಗಡೆಯೂ ಅದೇ ಜಾಗದಲ್ಲಿ ದಪ್ಪನೆಯ ಬಟ್ಟೆಯನ್ನೋ ಪುಸ್ತಕದ ಕಪಾಟನ್ನೋ ತನ್ನಿ.

ಸೆಂಟರ್ ಸ್ಪೀಕರ್ ಅನ್ನು ಖಾನೆಯ ಆಳದಿಂದ ಹೊರಗೆಳೆಯಿರಿ. ಅದರ ಮುಖ ಖಾನೆಯ ಅಂಚನ್ನು ಒಂದು ಬೆರಳಿನಷ್ಟಾದರೂ ದಾಟಿರಲಿ. ಮುಂದಿನ ಅಂಚಿನ ಕೆಳಗೆ ರಬ್ಬರ್ ಬಿರಡೆ ಕೊಟ್ಟು ಮುಖವನ್ನು ಮೇಲಕ್ಕೆ, ಕೂತವರ ಕಿವಿಯ ಕಡೆಗೆ ಎತ್ತಿ. ಡಬ್ಬಿ ಶಬ್ದದ ಮುಕ್ಕಾಲು ಪಾಲು ಇಷ್ಟರಲ್ಲೇ ಹೋಗುತ್ತದೆ.

ಸರೌಂಡ್‌ಗಳು ಈಗ ಅದೇ ನಡುವಿನ ಗೆರೆಯಿಂದ ಸುಮಾರು 150 ಡಿಗ್ರಿಯಲ್ಲಿವೆ. ಅದು ಏಳು ಸ್ಪೀಕರ್‌ಗಳ 7.1ರಲ್ಲಿ ಹಿಂಬದಿಯ ಜೋಡಿಗೆ ಮೀಸಲಾದ ಜಾಗ. 5.1ಕ್ಕೆ 110ರಿಂದ 120 ಡಿಗ್ರಿ ಬೇಕು, ಅಂದರೆ ಕಿವಿಯ ಗೆರೆಯಿಂದ ತುಸು ಹಿಂದೆ, ಪಕ್ಕಕ್ಕೆ. ಎಡಗಡೆಯದನ್ನು ಗೋಡೆಯಲ್ಲಿ, ಕಿವಿಗಿಂತ 2 ಅಡಿ ಹಿಂದಕ್ಕೆ ಹಾಕಿಸಿ. ಬಲಗಡೆಯದು ಸ್ಟ್ಯಾಂಡಿನ ಮೇಲೆ ನಿಲ್ಲಲಿ. ದೂರ ಎರಡಕ್ಕೂ ಒಂದೇ ಆಗಬೇಕೆಂದಿಲ್ಲ. ಶಬ್ದ ತಲುಪುವುದರಲ್ಲಿ ಒಂದಡಿಗೆ 1 ಮಿಲಿಸೆಕೆಂಡಿಗಿಂತ ತುಸು ಕಡಿಮೆ ವ್ಯತ್ಯಾಸ, ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ರಿಸೀವರ್ ಅದನ್ನು ಸರಿದೂಗಿಸುತ್ತದೆ, ಶಬ್ದದ ಮಟ್ಟವನ್ನೂ ಸರಿದೂಗಿಸುತ್ತದೆ. ಕೋನವನ್ನು ಮಾತ್ರ ಅದು ತಿದ್ದಲಾರದು.

ಪ್ರಶ್ನೆ: ಸೋಫಾ ಸರಿಸಿದ್ದೇನೆ ಸರ್. ಗುಡುಗಿನ ಸದ್ದು ಈಗ ಕೂತಲ್ಲಿಗೇ ಬರುತ್ತಿದೆ! ಆದರೆ ಬಲಗಡೆ ಸ್ಟ್ಯಾಂಡ್ ಇಡಬೇಕಾದ ಜಾಗ ಎಲ್ಲರೂ ಓಡಾಡುವ ದಾರಿ. ಮಕ್ಕಳು ಬೀಳಿಸುತ್ತಾರೆ ಎಂಬ ಭಯ. ಚಾವಣಿಯಿಂದ ಇಳಿಬಿಡಬಹುದೇ? ಸೋಫಾದ ಬಲತುದಿಯಲ್ಲಿ ಕೂರುವ ನನ್ನ ಅಮ್ಮನಿಗೆ ಆ ಸ್ಪೀಕರ್ ಕಿವಿಯಲ್ಲೇ ಕೂಗಿದಂತಾಗುವುದಿಲ್ಲವೇ?

ಉತ್ತರ: ಇಳಿಬಿಡಿ, ಒಳ್ಳೆಯದೇ ಆಯಿತು. ಎರಡನ್ನೂ ನೆಲದಿಂದ 6 ಅಡಿಯ ಎತ್ತರಕ್ಕೆ ತನ್ನಿ. ಎಡಗಡೆಯದನ್ನು ಕೆಳಗೆ ಬಿಟ್ಟು ಬಲಗಡೆಯದನ್ನು ಮಾತ್ರ ಎತ್ತಿದರೆ, ಪಕ್ಕದಿಂದ ಪಕ್ಕಕ್ಕೆ ಹಾರಬೇಕಾದ ಹೆಲಿಕಾಪ್ಟರ್ ಓರೆಯಾಗಿ ಹಾರುತ್ತದೆ. ಓಡಾಡುವವರ ತಲೆಗೆ ತಾಗದಂತೆ ಸೋಫಾದ ತುದಿಯ ಹಿಂದಕ್ಕೇ ಬರಲಿ. ದಾರಿ ಬಿಡಲು ಅರ್ಧ ಅಡಿ ಒಳಗೆ ತಂದರೂ ಕೋನ ಕಾಯ್ದುಕೊಳ್ಳಿ. ನಿಮ್ಮ ಅಮ್ಮನ ಸಮಸ್ಯೆಯನ್ನೂ ಎತ್ತರವೇ ಬಗೆಹರಿಸುತ್ತದೆ. ಸ್ಪೀಕರ್ ಮೇಲಕ್ಕೆ ಹೋದಷ್ಟೂ ಹತ್ತಿರ ಕೂತವರಿಗೂ ದೂರ ಕೂತವರಿಗೂ ನಡುವಿನ ಅಂತರದ ಅನುಪಾತ ಕಡಿಮೆಯಾಗುತ್ತದೆ. ಮುಖವನ್ನು ಅವರ ಕಡೆಗೆ ತಿರುಗಿಸದೆ, ಸೋಫಾದ ಆಚೆಯ ತುದಿಯ ಕಡೆಗೆ ತಿರುಗಿಸಿ. ಅವರು ಆ ಜಾಗದಲ್ಲೇ ಕೂರುವವರಾದರೆ, ಕೊನೆಯ ಪರೀಕ್ಷೆಯನ್ನು ನೀವು ಅಲ್ಲಿ ಕೂತು ಮಾಡಿ.

ಸಬ್‌ವೂಫರ್‌ಗೂ ಜಾಗ ಹುಡುಕಿ. ಅದನ್ನೇ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲಿಡಿ. ಬಾಸ್ ಸಮನಾಗಿ ಹರಿಯುವ ಸಂಗೀತ ಹಾಕಿ, ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯ ಗುಂಟ ಹೋಗುತ್ತ ಕೇಳಿ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಒಂದೇ ತೂಕದಲ್ಲಿ ಕೇಳಿದ ಜಾಗದಲ್ಲಿ ಅದನ್ನು ಇಡಿ. ಕ್ರಾಸ್‌ಓವರ್, ಅಂದರೆ ಯಾವ ಮಟ್ಟದ ಕೆಳಗಿನ ಶಬ್ದ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ, 80 ಹರ್ಟ್ಸ್ ಇರಲಿ. ಅದಕ್ಕಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ನಮ್ಮದು ಮೇಲ್ಮಹಡಿಯ ಕೋಣೆ, ಚಾವಣಿ ಒಂದು ಕಡೆಗೆ ಇಳಿಜಾರು. ಟಿವಿ ಯಾವ ಕಡೆಗೆ?

ಉತ್ತರ: ತಗ್ಗಾದ ಕಡೆಗೆ ಮೇಡಂ. ಚಾವಣಿ ನಿಮ್ಮ ಕಡೆಗೆ ಏರುತ್ತ ಬರಲಿ, ತಲೆಯ ಮೇಲೆ ಬಯಲಿರಲಿ. ಇಳಿಜಾರು ಎಡಬಲಕ್ಕಿದ್ದರೆ ಅಳತೆಗಳನ್ನು ಕಳುಹಿಸಿ, ಅದರ ಲೆಕ್ಕ ಬೇರೆ.

ಮೊದಲ ಪ್ರಶ್ನೆ ಕೇಳಿದವರು: ಸರ್, ಎಲ್ಲ ಕೂರಿಸಿದೆ. ಸಬ್‌ವೂಫರ್ ಎಡಗಡೆಯ ಗೋಡೆಗೆ ಒತ್ತಿ, ಟಿವಿ ಗೋಡೆಯಿಂದ 5 ಅಡಿಗೆ ಬಂತು. ನಾನು ಎಂದಿಗೂ ಊಹಿಸದ ಜಾಗ. ಮೈಕ್ ಇಟ್ಟು ರಿಸೀವರ್‌ನ ಅಳತೆಯನ್ನೂ ಓಡಿಸಿದೆ. ಟೇಪ್ ಹಿಡಿದರೆ ಸಬ್‌ವೂಫರ್ 8 ಅಡಿ ದೂರದಲ್ಲಿದೆ, ರಿಸೀವರ್ 12 ಅಡಿ ಎನ್ನುತ್ತದೆ. ತಿದ್ದಬೇಕೇ?

ಉತ್ತರ: ತಿದ್ದಬೇಡಿ. ಸಬ್‌ವೂಫರ್‌ನೊಳಗಿನ ಸರ್ಕ್ಯೂಟ್ ಶಬ್ದವನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತದೆ, ರಿಸೀವರ್ ಆ ತಡವನ್ನು ದೂರವೆಂದು ಬರೆದುಕೊಂಡಿದೆ. 8 ಎಂದು ತಿದ್ದಿದರೆ ಬಾಸ್ ಮತ್ತೆ ಹಿಂದೆ ಬೀಳುತ್ತದೆ. ಮೈಕ್ ಎಲ್ಲಿಟ್ಟಿದ್ದಿರಿ? ಸೋಫಾದ ಬೆನ್ನಿನ ಮೇಲೆ ಒರಗಿಸಿದ್ದರೆ ಅಳತೆಯನ್ನು ಇನ್ನೊಮ್ಮೆ ಓಡಿಸಿ. ಟ್ರೈಪಾಡ್ ಮೇಲೆ, ಕೂತವರ ಕಿವಿಯ ಎತ್ತರಕ್ಕೆ, ಮೊದಲು ನಡುವಿನ ಜಾಗ, ಆಮೇಲೆ ಅಕ್ಕಪಕ್ಕ, ಕೊನೆಗೆ ನಿಮ್ಮ ಅಮ್ಮ ಕೂರುವ ಜಾಗ. ಆ ಹೊತ್ತಿಗೆ ಫ್ಯಾನ್ ಆರಿಸಿರಿ.