ಗಾಳಿ ನಿಂತಾಗ ಕಡಲಿನಿಂದ ದಡ ಸೇರುವುದು ಹೇಗೆ?

ಪ್ರಶ್ನೆ (ಮಲ್ಪೆಯಿಂದ):
ನಾನು ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ) ಕಲಿಯತೊಡಗಿ ಒಂದು ವರ್ಷವಾಗಿದೆ. ಕಳೆದ ವಾರ ಸಂಜೆ, ದಡದಿಂದ ಅರ್ಧ ಕಿಲೋಮೀಟರು ದೂರದಲ್ಲಿದ್ದಾಗ ಗಾಳಿ ಥಟ್ಟನೆ ನಿಂತು, ನೀರಿಗೆ ಬಿದ್ದ ಪಟ ಮತ್ತೆ ಏಳಲೇ ಇಲ್ಲ; ಮೀನುಗಾರರ ದೋಣಿಯೊಂದು ಆ ದಾರಿಯಲ್ಲಿ ಬಂದುದರಿಂದ ಉಳಿದೆ. ಅಂಥ ಹೊತ್ತಿನಲ್ಲಿ ಒಬ್ಬನೇ ಏನು ಮಾಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಪಣಂಬೂರಿನಿಂದ):
ಮೊದಲು ಕ್ವಿಕ್ ರಿಲೀಸ್ (ಸೊಂಟದ ಬಳಿಯ ತುರ್ತು ಬಿಡುಗಡೆ ಕೊಂಡಿ) ಬಿಡಿಸಿ ಪಟದ ಬಲವನ್ನು ಕಳೆಯಿರಿ. ಗಾಳಿ ಇಲ್ಲವಲ್ಲ ಎಂದು ಇದನ್ನು ಬಿಡಬಾರದು, ಏಕೆಂದರೆ ಹಗ್ಗ ಸುತ್ತುತ್ತಿರುವಾಗ ಗಾಳಿ ಮರಳಿದರೆ ಬೆರಳುಗಳಿಗೇ ಅಪಾಯ. ಬಳಿಕ ಸುರಕ್ಷಾ ಹಗ್ಗವೊಂದನ್ನೇ (ಕೊಂಡಿ ಬಿಡಿಸಿದ ಮೇಲೂ ಪಟವನ್ನು ನಿಮಗೆ ಕಟ್ಟಿಟ್ಟಿರುವುದು) ಹಲವು ಮೀಟರು ‘ಬಾರ್’ಗೆ, ಅಂದರೆ ಕೈಯಲ್ಲಿ ಹಿಡಿಯುವ ಕೋಲಿಗೆ, ಸುತ್ತಿ, ಅದು ಉಳಿದವುಗಳಿಗಿಂತ ಗಿಡ್ಡವಾದ ಮೇಲೆ ಎಲ್ಲವನ್ನೂ ಸೇರಿಸಿ ಸುತ್ತುತ್ತಾ ಪಟದತ್ತ ಸಾಗಿ, ಕೊನೆಯಲ್ಲಿ ಬಿಚ್ಚಿಹೋಗದಂತೆ ಗಂಟು ಹಾಕಬೇಕು. 20ರಿಂದ 24 ಮೀಟರು ಉದ್ದದ ಹಗ್ಗಗಳು ಸಡಿಲವಾಗಿ ತೇಲಿ ಕಾಲಿಗೆ ತೊಡರುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಭಯ. ದಡದತ್ತ ತುಸು ಗಾಳಿಯಿದ್ದರೆ ಪಟದ ಎರಡು ತುದಿಗಳನ್ನು ಹಿಡಿದು ಹಾಯಿಯಂತೆ ಬಳಸಬಹುದು. ಗಾಳಿ ಪೂರ್ತಿ ಸತ್ತಿದ್ದರೆ ಪಟದ ಮುಂಭಾಗದ ಉಬ್ಬಿದ ದೊಡ್ಡ ಕೊಳವೆಯ ಗಾಳಿಯನ್ನಷ್ಟೇ ಬಿಟ್ಟು, ಅಡ್ಡ ಕೊಳವೆಗಳನ್ನು ಉಬ್ಬಿದಂತೆಯೇ ಉಳಿಸಿ, ಪಟವನ್ನು ಸುರುಳಿ ಸುತ್ತಿ ಹಲಗೆಯ ಮೇಲಿರಿಸಿ, ಅದರ ಮೇಲೆ ಎದೆಯೊರಗಿ ಕೈಬೀಸಿ ಸಾಗಬೇಕು.

ಉತ್ತರ (ಕಾಪುವಿನಿಂದ):
ಮೇಲಿನವರು ಹೇಳಿದ್ದು ಸರಿ. ದಡ ಎಷ್ಟೇ ಹತ್ತಿರ ಕಂಡರೂ ಪಟವನ್ನು ಬಿಟ್ಟು ಈಜಲು ಹೋಗಬೇಡಿ. ಅದು ನಿಮ್ಮನ್ನು ತೇಲಿಸುತ್ತದೆ, ಹುಡುಕುವವರ ಕಣ್ಣಿಗೂ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ಸೂರ್ಯಾಸ್ತದ ಹೊತ್ತಿಗೆ ಕುಗ್ಗಿ, ರಾತ್ರಿ ನೆಲಗಾಳಿ ಕಡಲಿನತ್ತ ಬೀಸುತ್ತದೆಯಾದ್ದರಿಂದ ಸಂಜೆ ಬೇಗನೆ ಮರಳುವುದು ಮೇಲು. ಅಳಿವೆಗಳ ಬಳಿ ಇಳಿತದ ಸೆಳೆತವೂ ಹೊರಕ್ಕೇ ಇರುತ್ತದೆ. ನೀರು ಹೊಗದ ಚೀಲದಲ್ಲಿ ಫೋನ್ ಇರಲಿ; ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554.